ಘಾಟಿಯಲ್ಲಿ ಗಾಡಿ ಎಳೆಯದಿದ್ದರೆ: ಹಳೆಯ ಡೀಸೆಲ್ ಕ್ಯಾಂಪರ್ ವ್ಯಾನಿನ ದೋಷ ಹುಡುಕುವ ಬಗೆ

ಚಾರ್ಮಾಡಿ ಘಾಟಿಯ ಅರ್ಧದಲ್ಲಿ ನಮ್ಮ ಕ್ಯಾಂಪರ್, ಅಂದರೆ ಒಳಗೇ ಉಳಿದುಕೊಂಡು ಸುತ್ತುವ ವ್ಯಾನ್, ನಿಂತುಬಿಟ್ಟಿತು. ಮೂರನೇ ಗೇರಿನಲ್ಲಿ ಆರಾಮಾಗಿ ಏರುತ್ತಿದ್ದ ಗಾಡಿ. ಒಂದು ತಿರುವಿನಲ್ಲಿ ಎಳೆಯುವುದು ಕಡಿಮೆಯಾಯಿತು. ಎರಡಕ್ಕೆ ಇಳಿಸಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಸದ್ದು ಏರಲಿಲ್ಲ. ಎರಡು ಸಲ ಜಗ್ಗಿ ಆಫ್ ಆಯಿತು. ಚಕ್ರಕ್ಕೆ ಕಲ್ಲು ಕೊಟ್ಟು ಹತ್ತು ನಿಮಿಷ ಕಾದೆವು. ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು! ಮೂರ್ನಾಲ್ಕು ತಿರುವು ದಾಟಿದ ಮೇಲೆ ಮತ್ತೆ ಅದೇ ಕತೆ. ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ನಾಲ್ಕು ಸಲ ನಿಂತಿದ್ದೆವು.

ಅದಕ್ಕೂ ಮೊದಲು ಒಂದು ಸೂಚನೆ ಸಿಕ್ಕಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಲು ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ಬ್ಯಾಟರಿ ಹಳೆಯದಾಗಿದೆ ಅಂದುಕೊಂಡು ಸುಮ್ಮನಿದ್ದೆ. ಘಾಟಿಯ ಘಟನೆ ಆದ ಮೇಲೆ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿದೆ. ಆಮೇಲೆ ಎಂಜಿನ್ನೊಳಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ನಾಝಲ್ ಬಿಚ್ಚಿಸಿ ಸರ್ವಿಸ್ ಮಾಡಿಸಿದೆ. ದುಡ್ಡು ಹೋಯಿತು, ದೋಷ ಹಾಗೇ ಉಳಿಯಿತು. ಕೊನೆಗೆ ಮೂಡಿಗೆರೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಟ್ಯಾಂಕಿನಿಂದ ಶುರುಮಾಡಿ ಒಂದೊಂದೇ ಹೆಜ್ಜೆ ತೋರಿಸಿಕೊಟ್ಟರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಗಾಡಿಯಲ್ಲಿ ಊರೂರು ಸುತ್ತುವವರಿಗೆ ಇದು ಗೊತ್ತಿರಲೇಬೇಕು. ಘಾಟಿಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಗಾಡಿ ನಿಂತರೆ ಅದು ಜೀವಕ್ಕೇ ಅಪಾಯ.

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. ಬಜಾಜ್ ಟೆಂಪೋ ಕಂಪನಿಗೆ 2005ರಲ್ಲಿ ಫೋರ್ಸ್ ಮೋಟಾರ್ಸ್ ಅಂತ ಹೆಸರಾಯಿತಲ್ಲ, ಅದಕ್ಕೂ ಹಿಂದಿನ ಗಾಡಿ. ಎಂಜಿನ್ ಮರ್ಸಿಡಿಸ್‌ನ ಓಎಂ616 ವಿನ್ಯಾಸದ್ದು. ನಾಲ್ಕು ಸಿಲಿಂಡರ್, 2.4 ಲೀಟರ್, ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪಕ್ಕದಲ್ಲಿ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಉದ್ದನೆಯ ಇನ್‌ಲೈನ್ ಪಂಪ್. ಇದನ್ನು ನಮ್ಮ ಕಡೆ ಇವತ್ತಿಗೂ ‘ಮೈಕೋ ಪಂಪ್’ ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆದರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಹಳೆಯ ಹೆಸರು ಹೋಗಿಲ್ಲ. ಇಂಥ ಪಂಪ್ ಇರುವ ಬೇರೆ ಹಳೆಯ ಡೀಸೆಲ್ ಗಾಡಿಗಳಿಗೂ ಇಲ್ಲಿನ ಹೆಚ್ಚಿನ ಮಾತು ಹೊಂದುತ್ತದೆ.

ಕಂಪ್ಯೂಟರ್ ಹಿಡಿತದಲ್ಲಿ ಓಡುವ ಹೊಸ ಬಗೆಯ ಕಾಮನ್ ರೈಲ್ ಎಂಜಿನ್ನಿಗೆ ಮಾತ್ರ ಹೊಂದುವುದಿಲ್ಲ. ಅದರ ಪೈಪಿನಲ್ಲಿ 1000 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಅಲ್ಲಿ ಯಾವ ನಟ್ಟನ್ನೂ ಸಡಿಲಿಸಲು ಹೋಗಬೇಡಿ.

ಡೀಸೆಲ್ ಹೋಗುವ ದಾರಿ

ಟ್ಯಾಂಕ್. ಅದರೊಳಗೆ ಹೀರುವ ಕೊಳವೆ, ಕೊಳವೆಯ ತುದಿಗೆ ಜಾಲರಿ. ಅಲ್ಲಿಂದ ಗಾಡಿಯ ಅಡಿಯಲ್ಲಿ ಲೋಹದ ಪೈಪು, ನಡುನಡುವೆ ರಬ್ಬರ್ ಪೈಪು. ಆಮೇಲೆ ಫೀಡ್ ಪಂಪ್. ಇದು ಮೈಕೋ ಪಂಪಿನ ಮೈಗೇ ಅಂಟಿಕೊಂಡಿರುತ್ತದೆ, ಮೇಲೆ ಡೀಸೆಲ್ ಎಳೆದು ತುಂಬಿಸಲು ಕೈಯಿಂದ ಒತ್ತುವ ಪ್ರೈಮರ್ ಇರುತ್ತದೆ. ಆಮೇಲೆ ಫಿಲ್ಟರ್, ಮೈಕೋ ಪಂಪ್, ನಾಲ್ಕು ಸ್ಟೀಲ್ ಪೈಪು, ನಾಲ್ಕು ನಾಝಲ್. ಮಿಕ್ಕ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ.

ಈ ದಾರಿಯನ್ನು ಫೀಡ್ ಪಂಪಿನ ಹತ್ತಿರ ಎರಡು ಭಾಗ ಮಾಡಿಕೊಳ್ಳಿ. ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಡೀಸೆಲ್ಲನ್ನು ಎಳೆದುಕೊಳ್ಳಲಾಗುತ್ತದೆ. ಅಲ್ಲಿಂದ ಮುಂದೆ ತಳ್ಳಲಾಗುತ್ತದೆ. ತಳ್ಳುವ ಕಡೆ ತೂತಿದ್ದರೆ ಡೀಸೆಲ್ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ತೂತಿದ್ದರೆ ಗಾಳಿ ಒಳಗೆ ಬರುತ್ತದೆ. ಹೊರಗೆ ಒಂದು ಹನಿಯೂ ಕಾಣದೇ ಇರಬಹುದು. ನಮ್ಮ ಮೆಕ್ಯಾನಿಕ್ ಹೇಳಿದ ಮಾತು ನೆನಪಿದೆ: “ಡೀಸೆಲ್ ಸೋರೋ ಜಾಗಾನ ಯಾರು ಬೇಕಾದ್ರೂ ತೋರಿಸ್ತಾರೆ ಸಾರ್. ಗಾಳಿ ಎಳೆಯೋ ಜಾಗಾನ ಹುಡುಕ್ಲೇಬೇಕು.”

ಹಳೆಯ ಕ್ಯಾಂಪರ್‌ಗಳಲ್ಲಿ ದೋಷ ಜಾಸ್ತಿ ಇರುವುದು ಈ ಎಳೆಯುವ ಕಡೆಯೇ. ಕಾರಣ ಸರಳ. ದಿನಾ ಓಡುವ ಟ್ಯಾಕ್ಸಿಯ ಹಾಗೆ ಇವು ಓಡುವುದಿಲ್ಲ. ತಿಂಗಳುಗಟ್ಟಲೆ ನಿಂತಿರುತ್ತವೆ. ನಮ್ಮ ಗಾಡಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಲು ಟ್ಯಾಂಕ್ ಡೀಸೆಲ್‌ನಲ್ಲಿ ಶೆಡ್ಡಿನಲ್ಲೇ ಇತ್ತು. ಮಲೆನಾಡಿನ ಮಳೆಗಾಲದ ತೇವ ಗೊತ್ತಲ್ವಾ? ಟ್ಯಾಂಕಿನ ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಯಾಗಿ ಕೆಳಗಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಸೇರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ರಬ್ಬರ್ ಪೈಪು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಜೊತೆಗೆ, ಕ್ಯಾಂಪರ್ ಮಾಡಿಸುವಾಗ ಗಾಡಿಯ ಅಡಿಯಲ್ಲಿ ನೀರಿನ ಟ್ಯಾಂಕು, ಬ್ರಾಕೆಟ್ಟು, ವೈರು ಅಂತ ಹತ್ತಾರು ಹೊಸ ಸಾಮಾನು ಸೇರಿರುತ್ತವೆ. ಅವುಗಳಲ್ಲಿ ಯಾವುದು ಎಲ್ಲಿ ಉಜ್ಜುತ್ತಿದೆ ಅಂತ ಬಗ್ಗಿ ನೋಡಿರುವುದಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು

ಗಾಡಿಯೊಳಗಿನ ಅಡುಗೆ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ಸಾಧ್ಯವಾದರೆ ಸಿಲಿಂಡರನ್ನು ಹೊರಗೇ ಇಡಿ. ಗಾಡಿಯ ಅಡಿಗೆ ಹೋಗುವುದಿದ್ದರೆ ಜಾಕ್ ಒಂದನ್ನೇ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಕನ್ನಡಕ ಹಾಕಿಕೊಳ್ಳಿ. ತೆಗೆದ ಡೀಸೆಲ್ಲನ್ನು ಮೋರಿಗೋ ತೋಟಕ್ಕೋ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿಟ್ಟು ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

ಆಮೇಲೆ ಹೊಗೆ ನೋಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಗಾಡಿ ಎಳೆಯುತ್ತಿಲ್ಲ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿದೆ ಅಂದರೆ ಡೀಸೆಲ್ ಸಿಗುತ್ತಿದೆ, ಉರಿಯಲು ಬೇಕಾದಷ್ಟು ಗಾಳಿ ಸಿಗುತ್ತಿಲ್ಲ. ಇಲ್ಲವೇ ನಾಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಗಾಡಿ ಎಳೆಯುತ್ತಿಲ್ಲ, ಹೊಗೆಯೂ ಇಲ್ಲ ಅಂದರೆ ಎಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ. ಘಾಟಿಯಲ್ಲಿ ನಮಗೆ ಆದದ್ದು ಇದೇ. ಹಿಂದೆ ಕಾರಿನಲ್ಲಿ ಬರುತ್ತಿದ್ದ ಗೆಳೆಯ ‘ಹೊಗೆಯೇ ಇರಲಿಲ್ಲ’ ಅಂತ ಆವತ್ತೇ ಹೇಳಿದ್ದ. ಆ ಮಾತಿನ ಅರ್ಥ ನನಗೆ ಆಗ ಗೊತ್ತಿದ್ದರೆ ನಾಝಲ್ ಬಿಚ್ಚಿಸುತ್ತಿರಲಿಲ್ಲ.

ಸ್ಟಾರ್ಟ್ ಆಗದ ಗಾಡಿಗೂ ಇದೇ ಲೆಕ್ಕ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ತಲುಪಿದೆ, ಉರಿಯುತ್ತಿಲ್ಲ. ಸ್ಟಾರ್ಟ್ ಮಾಡುವಾಗ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್, ಸಿಲಿಂಡರಿನೊಳಗೆ ಗಾಳಿ ಒತ್ತುವ ಕಂಪ್ರೆಷನ್ ಕಡೆ ನೋಡಬೇಕು. ಹೊಗೆಯೇ ಬರದಿದ್ದರೆ ಡೀಸೆಲ್ ತಲುಪಿಯೇ ಇಲ್ಲ. ಎಂಜಿನ್ ನಿಲ್ಲಿಸುವ ಕೇಬಲ್ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿದ್ದರೂ ಹೀಗಾಗುತ್ತದೆ. ಅದನ್ನು ಮೊದಲೇ ನೋಡಿಬಿಡಿ.

ಬ್ಯಾಟರಿಯನ್ನೂ ಪರೀಕ್ಷಿಸಿ ಅನುಮಾನದ ಪಟ್ಟಿಯಿಂದ ತೆಗೆದುಹಾಕಿ. ಸೆಲ್ಫ್ ಹೊಡೆಯುವಾಗ ಮಲ್ಟಿಮೀಟರ್‌ನಲ್ಲಿ 10 ವೋಲ್ಟಿನ ಆಸುಪಾಸು ಉಳಿದರೆ ಸರಿ. ಅದಕ್ಕಿಂತ ತುಂಬಾ ಕೆಳಗೆ ಬಿದ್ದರೆ ಎಂಜಿನ್ ನಿಧಾನ ತಿರುಗುತ್ತದೆ, ಒಳಗೆ ಸಾಕಷ್ಟು ಶಾಖ ಹುಟ್ಟುವುದಿಲ್ಲ. ನಮ್ಮ ಬ್ಯಾಟರಿ ಚೆನ್ನಾಗಿಯೇ ಇತ್ತು. ಹೀಟರ್ ಪ್ಲಗ್‌ಗಳ ವೈರ್ ತೆಗೆದು ಒಂದೊಂದನ್ನೂ ಮೀಟರ್‌ನಲ್ಲಿ ಅಳೆಯಬಹುದು. ಚೆನ್ನಾಗಿದ್ದರೆ ಒಂದು ಓಮ್‌ನ ಆಸುಪಾಸು ತೋರಿಸುತ್ತದೆ. ಒಳಗೆ ತಂತಿ ಕಡಿದಿದ್ದರೆ ಮೀಟರ್ ಅಲ್ಲಾಡುವುದೇ ಇಲ್ಲ.

ಟ್ಯಾಂಕಿನ ಮುಚ್ಚಳ

ಗಾಡಿ ನಿಂತ ಕೂಡಲೇ ಡೀಸೆಲ್ ಮುಚ್ಚಳ ತೆಗೆಯಿರಿ. ‘ಸ್ಸ್’ ಅಂತ ಗಾಳಿ ಒಳಗೆ ನುಗ್ಗಿದರೆ ಟ್ಯಾಂಕ್ ಉಸಿರಾಡುವ ದಾರಿ ಕಟ್ಟಿದೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ನಿರ್ವಾತ ಆಗಿ ಫೀಡ್ ಪಂಪ್ ಸೋಲುತ್ತದೆ. ಮುಚ್ಚಳ ಸಡಿಲ ಬಿಟ್ಟು ಅದೇ ರಸ್ತೆಯಲ್ಲಿ ಇನ್ನೊಮ್ಮೆ ನಿಧಾನವಾಗಿ ಓಡಿಸಿ ನೋಡಿದರೆ ಖಾತ್ರಿಯಾಗುತ್ತದೆ. ನಮ್ಮದರಲ್ಲಿ ಆ ಸದ್ದು ಬರಲಿಲ್ಲ.

ಕ್ಯಾನ್ ಪರೀಕ್ಷೆ

ಒಂದೇ ಒಂದು ಪರೀಕ್ಷೆ ಮಾಡಲು ಮಾತ್ರ ಪುರುಸೊತ್ತು ಇದ್ದರೆ ಇದನ್ನು ಮಾಡಿ. ಟ್ಯಾಂಕನ್ನೂ ಅಡಿಯ ಪೈಪನ್ನೂ ಪೂರ್ತಿ ಬದಿಗಿಟ್ಟು, ಹೊಸ ಡೀಸೆಲ್ ತುಂಬಿದ ಶುದ್ಧವಾದ ಐದು ಲೀಟರ್ ಕ್ಯಾನಿನಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಡುವುದು. ಟ್ಯಾಂಕ್ ಕಡೆಯಿಂದ ಬರುವ ಪೈಪನ್ನು ಬಿಚ್ಚಿ ಬಾಯಿ ಮುಚ್ಚಿ. ಕ್ಯಾನಿನಲ್ಲಿ ಇಳಿಬಿಟ್ಟ ಹೊಸ ಪೈಪನ್ನು ಅಲ್ಲಿ ಕ್ಲಿಪ್ ಹಾಕಿ ಬಿಗಿಯಿರಿ. ಪ್ರೈಮರ್ ಒತ್ತಿ ಏರ್ ತೆಗೆಯಿರಿ. ರಿಟರ್ನ್ ಡೀಸೆಲ್ ಟ್ಯಾಂಕಿಗೇ ಹೋಗುತ್ತಿರುತ್ತದೆ, ಹಾಗಾಗಿ ಕ್ಯಾನ್ ನಾವು ಅಂದುಕೊಂಡಿದ್ದಕ್ಕಿಂತ ಬೇಗ ಖಾಲಿಯಾಗುತ್ತದೆ. ಕಣ್ಣಿಟ್ಟಿರಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಕ್ಯಾನ್ ಫೀಡ್ ಪಂಪಿಗಿಂತ ಮೇಲಿದ್ದರೆ ಡೀಸೆಲ್ ತಾನಾಗೇ ಇಳಿದು ಬರುತ್ತದೆ. ಸೋತ ಫೀಡ್ ಪಂಪ್ ಕೂಡ ಆಗ ಚೆನ್ನಾಗಿದೆ ಅನ್ನಿಸುತ್ತದೆ. ಹಾಗಾಗಿ ಎರಡು ಸಲ ಮಾಡಬೇಕು. ಮೊದಲು ಕ್ಯಾನನ್ನು ಮೇಲಿಟ್ಟು ಓಡಿಸಿ. ಆಗಲೂ ಗಾಡಿ ಎಳೆಯದಿದ್ದರೆ ದೋಷ ಮುಂದಿದೆ: ಫಿಲ್ಟರ್, ಮೈಕೋ ಪಂಪ್, ನಾಝಲ್. ಚೆನ್ನಾಗಿ ಎಳೆದರೆ ಗಾಡಿ ನಿಲ್ಲಿಸಿ, ಕ್ಯಾನನ್ನು ನೆಲದ ಮೇಲಿಟ್ಟು, ಎಂಜಿನ್ ರೇಸ್ ಮಾಡಿ ಕೆಲವು ನಿಮಿಷ ಬಿಡಿ. ಆಗ ಸೊರಗಿದರೆ ಫೀಡ್ ಪಂಪ್ ಸೋತಿದೆ. ಸೊರಗದಿದ್ದರೆ ದೋಷ ಟ್ಯಾಂಕಿನಲ್ಲಿದೆ, ಇಲ್ಲವೇ ಅಡಿಯ ಪೈಪಿನಲ್ಲಿದೆ.

ನಾವು ಕ್ಯಾನನ್ನು ಎಡಗಡೆ ಸೀಟಿನ ಮುಂದೆ ಅಲ್ಲಾಡದ ಹಾಗೆ ಕಟ್ಟಿದೆವು. ಮೆಕ್ಯಾನಿಕ್ ಪಕ್ಕದಲ್ಲೇ ಕುಳಿತರು. ಒಂದು ಸಣ್ಣ ಏರಿನಲ್ಲಿ ಮೂರು ಸಲ ಹತ್ತಿ ಇಳಿದೆವು. ಗಾಡಿ ಹೊಸದರ ಹಾಗೆ ಎಳೆಯಿತು. ಕ್ಯಾನ್ ನೆಲಕ್ಕಿಟ್ಟಾಗಲೂ ಎಂಜಿನ್ ಸೊರಗಲಿಲ್ಲ. ಅರ್ಧ ಗಂಟೆಯಲ್ಲಿ ದೋಷ ಎಂಜಿನ್ ಕಡೆ ಇಲ್ಲ ಅಂತ ಗೊತ್ತಾಯಿತು. ಪೆಟ್ರೋಲ್ ಗಾಡಿಯಲ್ಲಿ ಹೀಗೆ ಒಳಗೆ ಕ್ಯಾನ್ ಇಟ್ಟು ಓಡಿಸಲೇಬೇಡಿ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು.

ಗುಳ್ಳೆ ಹುಡುಕುವುದು

ಬೆಳಗ್ಗೆ ಸ್ಟಾರ್ಟ್ ಆಗಲು ತಡವಾಗುತ್ತದೆ, ಪ್ರೈಮರ್ ಇಪ್ಪತ್ತು ಸಲ ಒತ್ತಿದರೆ ಕೂಡಲೇ ಆಗುತ್ತದೆ ಅಂದರೆ ರಾತ್ರಿ ಡೀಸೆಲ್ ಹಿಂದಕ್ಕೆ ಇಳಿದಿದೆ. ಎಲ್ಲೋ ಗಾಳಿ ಬರುತ್ತಿದೆ. ಮೆಕ್ಯಾನಿಕ್‌ಗಳು ‘ಏರ್ ಹಿಡಿದಿದೆ’ ಅನ್ನುವುದು ಇದಕ್ಕೇ.

ಫೀಡ್ ಪಂಪಿಗೆ ಬರುವ ಪೈಪಿನ ಜಾಗದಲ್ಲಿ ಒಂದು ಅಡಿ ಉದ್ದದ ಪಾರದರ್ಶಕ ಪೈಪು ಸೇರಿಸಿ. ಎಂಜಿನ್ ಓಡಿಸಿ. ಶುರುವಿನಲ್ಲಿ ನಾಲ್ಕು ಗುಳ್ಳೆ ಬಂದು ನಿಂತರೆ ತೊಂದರೆ ಇಲ್ಲ. ಸಾಲುಸಾಲಾಗಿ ಬರುತ್ತಲೇ ಇದ್ದರೆ ಆ ಜಾಗಕ್ಕಿಂತ ಹಿಂದೆ ತೂತಿದೆ. ಪಾರದರ್ಶಕ ಪೈಪನ್ನು ಒಂದು ಜೋಡಣೆಯಷ್ಟು ಟ್ಯಾಂಕಿನ ಕಡೆ ಸರಿಸಿ. ಗುಳ್ಳೆ ಯಾವ ಜಾಗದಲ್ಲಿ ನಿಲ್ಲುತ್ತದೋ, ಆ ಜಾಗಕ್ಕೂ ಹಿಂದಿನ ಸಲ ನೋಡಿದ ಜಾಗಕ್ಕೂ ನಡುವೆ ದೋಷ ಇರುತ್ತದೆ.

ಅಲ್ಲಿಗೆ ಬಂದ ಮೇಲೆ ಆ ತುಂಡನ್ನು ಎರಡೂ ಕಡೆ ಬಿಚ್ಚಿ. ಒಂದು ಬಾಯಿ ಮುಚ್ಚಿ ಇನ್ನೊಂದು ಕಡೆಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಡಿ. ಮೇಲೆ ಸೋಪಿನ ನೀರು ಬಳಿಯಿರಿ. ನಮ್ಮ ಗಾಡಿಯಲ್ಲಿ ನೊರೆ ಎದ್ದದ್ದು ಕುಡಿಯುವ ನೀರಿನ ಟ್ಯಾಂಕಿನ ಬ್ರಾಕೆಟ್ ಕೆಳಗೆ. ಬಾಡಿ ಕೆಲಸದ ಹೊತ್ತಿಗೆ ಕೂರಿಸಿದ ಆ ಬ್ರಾಕೆಟ್ಟಿನ ಅಂಚು ರಬ್ಬರ್ ಪೈಪಿಗೆ ತಾಗಿಕೊಂಡಿತ್ತು. ವರ್ಷಗಟ್ಟಲೆ ಉಜ್ಜಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಹೊರಗೆಲ್ಲ ಒಣಗಿತ್ತು. ಅದೇ ಜಾಗವನ್ನು ನಾನು ಎರಡು ಸಲ ಟಾರ್ಚ್ ಹಿಡಿದು ನೋಡಿದ್ದೆ.

ಪೈಪು ಸರಿಯಿದ್ದೂ ಏರ್ ಹಿಡಿಯುತ್ತಿದ್ದರೆ ಇನ್ನೆರಡು ಜಾಗ ನೋಡಿ. ಒಂದು, ಕೈ ಪ್ರೈಮರಿನ ಒಳಗಿನ ಸೀಲ್. ಎಂಜಿನ್ ಓಡುವಾಗ ಅದರ ಕುತ್ತಿಗೆಯ ಸುತ್ತ ತೇವ ಕಂಡರೆ ಸೀಲ್ ಹೋಗಿದೆ. ಇನ್ನೊಂದು, ನಾಝಲ್‌ನಿಂದ ನಾಝಲ್‌ಗೆ ಹೋಗುವ ಬಟ್ಟೆ ಹೊದಿಕೆಯ ಸಣ್ಣ ರಿಟರ್ನ್ ಪೈಪುಗಳು. ಇವು ಬೆರಳಲ್ಲಿ ಬಗ್ಗಿಸಿದರೆ ಮುರಿಯುವಷ್ಟು ಒಣಗಿರುತ್ತವೆ. ಕೊನೆಯ ನಾಝಲ್‌ನ ಖಾಲಿ ಬಾಯಿಗೆ ಹಾಕಿದ ಮುಚ್ಚಳವನ್ನೂ ಮರೆಯಬೇಡಿ. ಬೆಲೆ ತೀರಾ ಕಡಿಮೆ, ಅನುಮಾನ ಬಂದರೆ ಎಲ್ಲವನ್ನೂ ಬದಲಿಸಿ. ಪೈಪು ಬಿಚ್ಚಿದ ಕಡೆಯೆಲ್ಲ ಕಾಪರ್ ವಾಷರ್ ಕೂಡ ಹೊಸದು ಹಾಕಿ.

ಒಂದು ದೋಷ ಸಿಕ್ಕಿತು ಅಂತ ನಿಲ್ಲಿಸಬಾರದು

ಪೈಪು ಬದಲಿಸಿದ ಮರುದಿನ ಬೆಳಗ್ಗೆ ಗಾಡಿ ಅರ್ಧ ಸುತ್ತಿಗೇ ಸ್ಟಾರ್ಟ್ ಆಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲಿಂದಲೇ ಹೊರಡಲು ಸಿದ್ಧನಾಗಿದ್ದೆ. ಮೆಕ್ಯಾನಿಕ್ ಬಿಡಲಿಲ್ಲ. “ಗಾಳಿ ಎಳೀತಿದ್ರೆ ಬೆಳಗ್ಗೆ ತೊಂದ್ರೆ ಕೊಡುತ್ತೆ, ಸರಿ. ಹತ್ತು ನಿಮಿಷ ನಿಂತ್ರೆ ತಾನಾಗೇ ಸರಿಹೋಗೋದು ಯಾಕೆ ಸಾರ್?”

ಕೇಳಬೇಕಾದ ಪ್ರಶ್ನೆ ಅದು. ನಿಂತರೆ ಸರಿಹೋಗುವುದು, ಓಡಿದರೆ ಮತ್ತೆ ಬರುವುದು: ಇದು ಕಟ್ಟಿಕೊಂಡ ದಾರಿಯ ಗುಣ. ಓಡುವಾಗ ಕಸ ಜಾಲರಿಗೆ ಅಂಟಿಕೊಳ್ಳುತ್ತದೆ. ನಿಂತಾಗ ಎಳೆತ ಇಲ್ಲದೆ ಕಳಚಿ ಕೆಳಗೆ ಬೀಳುತ್ತದೆ. ಸಮತಟ್ಟಿನ ರಸ್ತೆಯಲ್ಲಿ ಎಂಜಿನ್ನಿಗೆ ಡೀಸೆಲ್ ಕಡಿಮೆ ಸಾಕು, ಅಲ್ಲಿ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಪೂರ್ತಿ ಬೇಕು, ಅಲ್ಲಿ ಸಿಕ್ಕಿಬೀಳುತ್ತದೆ.

ನೋಡಲು ಸುಲಭದ ದಾರಿ ಇದೆ. ಟ್ಯಾಂಕಿನ ತಳದ ಬೋಲ್ಟ್ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿಯಿರಿ. ರಾತ್ರಿ ಹಾಗೇ ಬಿಡಿ. ನಮ್ಮ ಬಾಟಲಿಯಲ್ಲಿ ಬೆಳಗ್ಗೆ ಮೂರು ಪದರ ಇತ್ತು. ತಳದಲ್ಲಿ ನೀರು, ಅದರ ಮೇಲೆ ಕಪ್ಪು ಲೋಳೆ, ಮೇಲೆ ಡೀಸೆಲ್. ಟ್ಯಾಂಕ್ ಇಳಿಸಿದೆವು. ಜಾಲರಿಯ ಮುಕ್ಕಾಲು ಭಾಗ ಅಂಟು ಹಿಡಿದು ಮುಚ್ಚಿತ್ತು.

ಈಗ ಎರಡೂ ದೋಷ ಹೇಗೆ ಕೈಜೋಡಿಸಿದ್ದವು ಅಂತ ಅರ್ಥವಾಯಿತು. ಜಾಲರಿ ಕಟ್ಟಿದಷ್ಟೂ ಫೀಡ್ ಪಂಪ್ ಜೋರಾಗಿ ಎಳೆಯುತ್ತದೆ. ಪೈಪಿನೊಳಗೆ ಎಳೆತ ಹೆಚ್ಚಾದಷ್ಟೂ ಸೀಳಿನಿಂದ ಗಾಳಿ ಜಾಸ್ತಿ ನುಗ್ಗುತ್ತದೆ. ಒಂದನ್ನು ಮಾತ್ರ ಸರಿಮಾಡಿದ್ದರೆ ಇನ್ನೊಂದು ಮುಂದಿನ ಘಾಟಿಯಲ್ಲಿ ಮತ್ತೆ ನಿಲ್ಲಿಸುತ್ತಿತ್ತು.

ಟ್ಯಾಂಕನ್ನು ಡೀಸೆಲ್ ಹಾಕಿ ಅಲ್ಲಾಡಿಸಿ, ಹೊರಬರುವ ಡೀಸೆಲ್ ಸ್ವಚ್ಛವಾಗುವ ತನಕ ನಾಲ್ಕು ಸಲ ತೊಳೆದೆವು. ಟ್ಯಾಂಕ್ ಇಳಿಸಲು ಆಗದಿದ್ದರೆ ತಾತ್ಕಾಲಿಕ ಉಪಾಯ ಒಂದಿದೆ. ಮುಚ್ಚಳ ತೆಗೆದಿಟ್ಟು, ಫೀಡ್ ಪಂಪಿನ ಹತ್ತಿರ ಪೈಪು ಬಿಚ್ಚಿ, ಟ್ಯಾಂಕಿನ ಕಡೆಗೆ ಮೆಲ್ಲಗೆ ಗಾಳಿ ಊದುವುದು. ಆಮೇಲೆ ಸ್ವಲ್ಪ ದೂರ ಚೆನ್ನಾಗಿ ಓಡಿದರೆ ಜಾಲರಿ ಕಟ್ಟಿದೆ ಅಂತ ಖಾತ್ರಿ. ಊರು ಮುಟ್ಟಲು ಅಷ್ಟು ಸಾಕು. ಟ್ಯಾಂಕಿಗೆ ತೂತಾಗಿದ್ದರೆ ಸುಮ್ನೆ ವೆಲ್ಡಿಂಗ್ ಮಾಡಿಸಲು ಒಯ್ಯಬೇಡಿ. ಖಾಲಿ ಅನ್ನಿಸುವ ಟ್ಯಾಂಕಿನಲ್ಲೂ ಆವಿ ಇರುತ್ತದೆ, ಸಿಡಿಯುತ್ತದೆ. ಆ ಕೆಲಸ ಗೊತ್ತಿರುವವರಿಗೇ ಕೊಡಿ.

ಕ್ಯಾನಿನಲ್ಲೂ ಎಳೆಯದಿದ್ದರೆ

ಆಗ ಫಿಲ್ಟರ್ ಬದಲಿಸಿ. ಹೊಸ ಫಿಲ್ಟರಿಗೆ ಶುದ್ಧ ಡೀಸೆಲ್ ತುಂಬಿ ಕೂರಿಸಿ, ಮೇಲಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಪ್ರೈಮರ್ ಒತ್ತಿ. ಸ್ಕ್ರೂ ಬಿಗಿದ ಮೇಲೆ ಪ್ರೈಮರ್ ಕೈಗೆ ಗಟ್ಟಿಯಾಗಬೇಕು. ಮೆತ್ತಗಿದ್ದರೆ ಇನ್ನೂ ಗಾಳಿ ಇದೆ.

ಎಂಜಿನ್ ಒಂದು ಸಿಲಿಂಡರಿನಲ್ಲಿ ಮಿಸ್ ಹೊಡೆಯುತ್ತಿದ್ದರೆ, ಅಥವಾ ಯಾರೋ ಮೊಳೆ ಬಡಿದ ಹಾಗೆ ಟಕಟಕ ಸದ್ದು ಬರುತ್ತಿದ್ದರೆ, ಆಗ ಮಾತ್ರ ನಾಝಲ್ ಅನುಮಾನಿಸಿ. ಐಡಲ್‌ನಲ್ಲಿ ಒಂದೊಂದೇ ನಾಝಲ್‌ನ ಪೈಪ್ ನಟ್ಟನ್ನು ದಪ್ಪ ಬಟ್ಟೆ ಸುತ್ತಿ ಸ್ವಲ್ಪವೇ ಸಡಿಲಿಸಿ ಬಿಗಿಯಬೇಕು. ಸದ್ದು ಬದಲಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಮಿಸ್ಸಿಂಗ್ ಹಾಗೇ ಇದ್ದರೆ ಕೆಲಸ ಮಾಡದ ಸಿಲಿಂಡರ್ ಅದೇ. ಟಕಟಕ ಸದ್ದು ನಿಂತುಹೋದರೆ ತಪ್ಪು ಆ ನಾಝಲ್‌ನದು. ಚಿಮ್ಮುವ ಡೀಸೆಲ್‌ಗೆ ಕೈ ಅಡ್ಡ ಇಡಬೇಡಿ. ಆ ಒತ್ತಡಕ್ಕೆ ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಧೈರ್ಯ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಮೆಕ್ಯಾನಿಕ್‌ಗೇ ಬಿಡಿ.

ಬಿಚ್ಚಿದ ನಾಝಲ್ಲನ್ನು ಪಂಪ್ ಕೆಲಸದ ಅಂಗಡಿಯ ಟೆಸ್ಟರ್‌ನಲ್ಲಿ ಎದುರಿಗೆ ನಿಂತು ನೋಡಿ. ನಮ್ಮ ಎಂಜಿನ್ನಿಗೆ ಹೊಸ ನಾಝಲ್ 115ರಿಂದ 125 ಬಾರ್‌ನಲ್ಲಿ ತೆರೆದುಕೊಳ್ಳಬೇಕು. ಓಡಿದ ನಾಝಲ್ 100ಕ್ಕಿಂತ ಕೆಳಗೆ ಇಳಿಯಬಾರದು. ನಾಲ್ಕೂ ಹತ್ತಿರಹತ್ತಿರ ಇರಬೇಕು, ತುದಿಯಿಂದ ಹನಿ ತೊಟ್ಟಿಕ್ಕಬಾರದು. ಮೈಕೋ ಪಂಪನ್ನು ಬಿಚ್ಚುವ ಮಾತು ಇದೆಲ್ಲ ಮುಗಿದ ಮೇಲೆ ಬರಲಿ. ಅದನ್ನು ಮರಳಿ ಕೂರಿಸುವಾಗ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಹೊತ್ತು, ಸರಿಯಾಗಬೇಕು. ರಸ್ತೆ ಬದಿಯಲ್ಲಿ ಮಾಡುವ ಕೆಲಸ ಅದಲ್ಲ.

ಸರಿಯಾಯಿತೇ ಅಂತ ನೋಡುವುದು

ದೋಷ ಯಾವ ಸ್ಥಿತಿಯಲ್ಲಿ ಬಂದಿತ್ತೋ ಅದೇ ಸ್ಥಿತಿಯಲ್ಲಿ ಪರೀಕ್ಷಿಸಿ. ನಾವು ಕಾಲು ಟ್ಯಾಂಕ್ ಡೀಸೆಲ್ ಹಾಕಿ, ನೀರಿನ ಟ್ಯಾಂಕ್ ತುಂಬಿಸಿ, ಇಡೀ ಸಾಮಾನು ಹೇರಿಕೊಂಡು ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತಿದೆವು. ಎಲ್ಲೂ ನಿಲ್ಲದೆ ಕೊಟ್ಟಿಗೆಹಾರ ತಲುಪಿದೆವು. ಆ ರಾತ್ರಿ ಗಾಡಿಯನ್ನು ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದೆ. ಎಲ್ಲಾದರೂ ಗಾಳಿ ಬರುತ್ತಿದ್ದರೆ ಡೀಸೆಲ್ ಹಿಂದಕ್ಕೆ ಇಳಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಇಲ್ಲ. ಬೆಳಗ್ಗೆ ಪ್ರೈಮರ್ ಮುಟ್ಟದೆ ಸ್ಟಾರ್ಟ್ ಆಯಿತು.

ಟ್ಯಾಂಕ್ ತೊಳೆದ ಮೇಲೂ ಉಳಿದ ಲೋಳೆ ಫಿಲ್ಟರಿಗೆ ಬರುತ್ತದೆ. ಹಾಗಾಗಿ ಐನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಫಿಲ್ಟರ್ ಬದಲಿಸಿದೆ. ಈಗ ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ಪೂರ್ತಿ ತುಂಬಿಸುತ್ತೇನೆ, ಖಾಲಿ ಜಾಗ ಇಲ್ಲದಿದ್ದರೆ ನೀರು ಕಟ್ಟುವುದು ಕಡಿಮೆ. ಬ್ರಾಕೆಟ್ಟಿನ ಅಂಚನ್ನು ಅರದಿಂದ ಉಜ್ಜಿಸಿ, ಪೈಪಿಗೂ ಅದಕ್ಕೂ ನಡುವೆ ಎರಡು ಬೆರಳು ಜಾಗ ಬಿಡಿಸಿದ್ದೇನೆ. ಇನ್ನೊಂದು ಮಾತು: ಗುಳ್ಳೆ ನೋಡಲು ಹಾಕಿದ ಪಾರದರ್ಶಕ ಪೈಪನ್ನು ಕೆಲಸ ಮುಗಿದ ದಿನವೇ ತೆಗೆದು ಡೀಸೆಲ್‌ಗೆ ಅಂತಲೇ ಮಾಡಿದ ರಬ್ಬರ್ ಪೈಪು ಹಾಕಿ. ಪಾರದರ್ಶಕ ಪೈಪು ಡೀಸೆಲ್ಲಿಗೂ ಎಂಜಿನ್ ಶಾಖಕ್ಕೂ ಕೆಲವೇ ವಾರಗಳಲ್ಲಿ ಕಲ್ಲಿನ ಹಾಗಾಗಿ ಸೀಳುತ್ತದೆ.